ಇಲಿಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಧ್ಯಯನ: ಪ್ರಶ್ನೆಯಿಂದ ಪ್ಯಾರಾಫಿನ್ ಬ್ಲಾಕ್‌ವರೆಗೆ

ಮಧುಗಿರಿ ಕಡೆಯ ಹುಡುಗಿಯೊಬ್ಬಳು ಎಂ.ಫಾರ್ಮ್ ಪ್ರಾಜೆಕ್ಟ್ ಹುಡುಕುತ್ತಾ ತುಮಕೂರಿನಲ್ಲಿ ನನ್ನ ಹತ್ತಿರ ಬಂದಿದ್ದಳು. "ಮೇಡಂ, ದಿನಾ ರಾಗಿ ಮುದ್ದೆ ತಿನ್ನೋರಿಗೆ ಕರುಳಿನ ಕ್ಯಾನ್ಸರ್ ಬರಲ್ಲ ಅಂತಾರಲ್ಲ, ನಿಜಾನಾ? ಇಲಿಯಲ್ಲಿ ನೋಡಬಹುದಾ?"

"ನೋಡಬಹುದು ಕಣಮ್ಮ. ಯಾವ ಇಲಿಯಲ್ಲಿ?" ಅಂದೆ. ಅವಳು ಸುಮ್ಮನಾದಳು.

ಬಹಳ ಜನ ಅಲ್ಲೇ ಸುಮ್ಮನಾಗುತ್ತಾರೆ. ಆಮೇಲೆ ಹಿಂದಿನ ಬ್ಯಾಚಿನವರು ಯಾವ ಇಲಿ, ಯಾವ ಔಷಧ ಬಳಸಿದ್ದರೋ ಅದನ್ನೇ ತಾವೂ ಬಳಸುತ್ತಾರೆ. ಪ್ರಾಣಿಗಳು ಸುಮ್ಮನೆ ಸಾಯುವುದು ಹೆಚ್ಚಾಗಿ ಹೀಗೇ. ಹಾಗಾಗಿ ಈ ಬರಹದಲ್ಲಿ ಸೂಜಿ ಹಿಡಿಯುವ ಮುಂಚಿನ ಕೆಲಸಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮಾತಿನಲ್ಲಿ ಎರಡೂ ಇಲಿಯೇ. ಇಲ್ಲಿ 20-25 ಗ್ರಾಂ ತೂಗುವ ಚಿಕ್ಕದನ್ನು ಸುಂಡಿಲಿ ಅಂತಲೂ, 200 ಗ್ರಾಂ ಆಸುಪಾಸಿನ ದೊಡ್ಡದನ್ನು ಇಲಿ ಅಂತಲೂ ಕರೆಯುತ್ತೇನೆ.

ಹೆಜ್ಜೆ 1: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

"ರಾಗಿಗೂ ಕ್ಯಾನ್ಸರ್‌ಗೂ ಸಂಬಂಧ" ಅನ್ನುವುದು ಪ್ರಶ್ನೆಯಾಗಲಿಲ್ಲ. ಮನುಷ್ಯರಲ್ಲಿ ಸಣ್ಣ ಪಾಲಿಪ್ (ಕರುಳಿನ ಒಳಮೈಯಲ್ಲಿ ಏಳುವ ಗಂಟು) ಬೆಳೆದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಜಾಸ್ತಿ ಬೇಕು. ಆ ದಾರಿಯಲ್ಲಿ ಯಾವ ಜಾಗ ನಿಮ್ಮದು? ಮೊದಲ ಕೆಟ್ಟ ಜೀವಕೋಶ ಹುಟ್ಟುವುದನ್ನು ತಡೆಯುತ್ತದಾ? ಹುಟ್ಟಿದ್ದು ಬೆಳೆಯುವುದನ್ನು ತಡೆಯುತ್ತದಾ? ಬೆಳೆದ ಗಡ್ಡೆಯನ್ನು ಕುಗ್ಗಿಸುತ್ತದಾ? ಈ ಮೂರಕ್ಕೆ ಮೂರು ಬೇರೆ ಪ್ರಾಣಿ ಮಾದರಿ, ಅಂದರೆ ಕಾಯಿಲೆಯನ್ನು ಪ್ರಾಣಿಯಲ್ಲಿ ಬರಿಸುವ ವಿಧಾನ, ಬೇಕು.

ನಮ್ಮ ಹುಡುಗಿ ಕೊನೆಗೆ ಬರೆದದ್ದು ಇದು: "ಕ್ಯಾನ್ಸರ್ ಹುಟ್ಟಿಸುವ ರಾಸಾಯನಿಕ ಕೊಟ್ಟು ಮುಗಿದ ಮೇಲೆ ಆಹಾರದಲ್ಲಿ 20% ರಾಗಿ ಹಿಟ್ಟು ಕೊಟ್ಟರೆ, ಇಲಿಯ ದೊಡ್ಡ ಕರುಳಿನಲ್ಲಿ ಕಾಣುವ ಅಸಹಜ ಕ್ರಿಪ್ಟ್ ಗುಂಪುಗಳು ಕಡಿಮೆಯಾಗುತ್ತವೆಯೇ?" ಕ್ರಿಪ್ಟ್ ಅಂದರೆ ಕರುಳಿನ ಒಳಮೈಯ ಸಣ್ಣ ಸಣ್ಣ ಗುಂಡಿ. ಸಾಲು ಉದ್ದವಾಯಿತು. ಆದರೆ ಯಾವ ಪ್ರಾಣಿ, ಯಾವಾಗ, ಏನು ಎಣಿಸಬೇಕು ಅನ್ನುವುದೆಲ್ಲ ಅದರಲ್ಲೇ ಇದೆ.

ಹೆಜ್ಜೆ 2: ಮಾದರಿ ಆರಿಸಿ

ಮೊದಲನೆಯದು ವಂಶವಾಹಿ ಬದಲಾದ ಸುಂಡಿಲಿ. ಇದರಲ್ಲಿ ಹೆಸರುವಾಸಿ 'ಮಿನ್' ಸುಂಡಿಲಿ. 1990ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ವರದಿ ಮಾಡಿದ್ದು. ಇದರ ಎಪಿಸಿ ಜೀನ್ ಕೆಟ್ಟಿರುತ್ತದೆ. ಮನುಷ್ಯರ ದೊಡ್ಡ ಕರುಳಿನ ಗಡ್ಡೆಗಳಲ್ಲೂ ಸುಮಾರು 80%ರಲ್ಲಿ ಕೆಡುವುದು ಇದೇ ಜೀನ್. ಕೇಳಲು ಚೆನ್ನಾಗಿದೆ, ಅಲ್ವಾ? ತೊಂದರೆ ಏನೆಂದರೆ ಮಿನ್ ಸುಂಡಿಲಿಗೆ ಗಡ್ಡೆ ಬರುವುದು ಬಹುಪಾಲು ಸಣ್ಣ ಕರುಳಿನಲ್ಲಿ. ದೊಡ್ಡ ಕರುಳಿನಲ್ಲಿ ಸಿಗುವುದು ಕೆಲವೇ. ಗಡ್ಡೆಯಿಂದ ರಕ್ತ ಸೋರಿ, ನಾಲ್ಕೈದು ತಿಂಗಳಿಗೆ ರಕ್ತಹೀನತೆಯಿಂದ ಸಾಯುತ್ತವೆ. ಸಾಕುವವರು ಮಿನ್ ಗಂಡನ್ನು ಸಾಮಾನ್ಯ ಹೆಣ್ಣಿನ ಜೊತೆ ಕೂಡಿಸುತ್ತಾರೆ. ಮಿನ್ ಹೆಣ್ಣಿಗೆ ಬಸಿರು ತಡೆದುಕೊಳ್ಳುವ ರಕ್ತ ಇರುವುದಿಲ್ಲ. ಜಿಲ್ಲಾ ಮಟ್ಟದ ಕಾಲೇಜಿಗೆ ಇದನ್ನು ತರಿಸುವುದು ಹಣ, ಸಮಯ ಎರಡರಲ್ಲೂ ಭಾರ.

ಎರಡನೆಯದು ರಾಸಾಯನಿಕದಿಂದ ಬರಿಸುವುದು. ಡೈಮೀಥೈಲ್‌ಹೈಡ್ರಜೀನ್, ಚಿಕ್ಕದಾಗಿ ಡಿಎಂಎಚ್, ಮತ್ತು ಅದರಿಂದಲೇ ದೇಹದಲ್ಲಿ ಹುಟ್ಟುವ ಅಜಾಕ್ಸಿಮೀಥೇನ್, ಅಂದರೆ ಎಒಎಂ. ಈ ಮಾದರಿಯ ಕಥೆ ಶುರುವಾದದ್ದು ಸೈಕಾಡ್ ಎಂಬ ಗಿಡದ ಬೀಜದಿಂದ. ಗುವಾಮ್ ದ್ವೀಪದವರು ತಿನ್ನುತ್ತಿದ್ದ ಆ ಬೀಜದ ಹಿಟ್ಟನ್ನು ಇಲಿಗಳಿಗೆ ತಿನ್ನಿಸಿದಾಗ ಗಡ್ಡೆ ಬಂದವು ಎಂದು 1963ರಲ್ಲಿ ಗೊತ್ತಾಯಿತು. ಅದರೊಳಗಿನ ವಿಷ ಮತ್ತು ಡಿಎಂಎಚ್ ಎರಡೂ ದೇಹದಲ್ಲಿ ಒಂದೇ ವಸ್ತುವಾಗಿ ಬದಲಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ಈ ಮಾದರಿಯಲ್ಲಿ ಗಡ್ಡೆ ಬರುವುದು ದೊಡ್ಡ ಕರುಳಿನ ಕೆಳಭಾಗದಲ್ಲಿ. ಮನುಷ್ಯರ ಕಾಯಿಲೆಗೆ ಆ ಮಟ್ಟಿಗೆ ಹತ್ತಿರ. ನಮ್ಮ ಕಡೆಯ ಲ್ಯಾಬ್‌ಗಳಲ್ಲಿ ಡಿಎಂಎಚ್ ಜಾಸ್ತಿ ಕಾಣುವುದು ಬೆಲೆಯ ಕಾರಣಕ್ಕೆ.

ಮೂರನೆಯದು ಉರಿಯೂತದ ಮಾದರಿ. ಒಂದು ಸಲ ಎಒಎಂ ಚುಚ್ಚಿ, ಆಮೇಲೆ ಕುಡಿಯುವ ನೀರಿನಲ್ಲಿ ಡೆಕ್ಸ್‌ಟ್ರಾನ್ ಸೋಡಿಯಂ ಸಲ್ಫೇಟ್, ಅಂದರೆ ಡಿಎಸ್‌ಎಸ್ ಕೊಡುವುದು. ಬರೀ ಎಒಎಂ ಆದರೆ ಗಡ್ಡೆಗೆ 30 ವಾರ ಕಾಯಬೇಕಾದೀತು. ಇದರಲ್ಲಿ 10-12 ವಾರಕ್ಕೇ ಬರುತ್ತದೆ. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತದ ಕಾಯಿಲೆ) ಇರುವವರಿಗೆ ಬರುವ ಕ್ಯಾನ್ಸರ್ ಬಗ್ಗೆ ಕೇಳುವುದಿದ್ದರೆ ಇದೇ ಸರಿ. ಬೇಗ ಮುಗಿಯುತ್ತದೆ ಎಂಬ ಒಂದೇ ಕಾರಣಕ್ಕೆ ಹಿಡಿಯಬೇಡಿ. ಉರಿಯೂತ ಇಳಿಸುವ ಯಾವ ಕಷಾಯ ಕೊಟ್ಟರೂ ಇಲ್ಲಿ ಗಡ್ಡೆ ಕಡಿಮೆಯಾದಂತೆ ಕಾಣುತ್ತದೆ.

ನಾಲ್ಕನೆಯದು ಜೀವಕೋಶ ನೆಡುವುದು. ಎಚ್‌ಸಿಟಿ116, ಎಚ್‌ಟಿ29ರಂಥ ಮನುಷ್ಯರ ಕರುಳಿನ ಕ್ಯಾನ್ಸರ್ ಕೋಶಗಳನ್ನು, ರೋಗನಿರೋಧಕ ಕೋಶಗಳು ಬಲಿಯುವ ಥೈಮಸ್ ಗ್ರಂಥಿ ಇಲ್ಲದ ನ್ಯೂಡ್ ಸುಂಡಿಲಿಯ ಚರ್ಮದಡಿ ಚುಚ್ಚುತ್ತಾರೆ. ಗಡ್ಡೆಯ ಗಾತ್ರ ವರ್ನಿಯರ್‌ನಲ್ಲಿ ಅಳೆಯಬಹುದು: ಉದ್ದ × ಅಗಲ × ಅಗಲ ÷ 2. ಔಷಧದ ಪರೀಕ್ಷೆಗೆ ಅನುಕೂಲ. ಆದರೆ ಪೂರ್ಣ ರೋಗನಿರೋಧಕ ಶಕ್ತಿ ಇಲ್ಲದ ಪ್ರಾಣಿ, ಕರುಳಲ್ಲದ ಜಾಗ. ಇಮ್ಯೂನೋಥೆರಪಿ (ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವ ಚಿಕಿತ್ಸೆ) ನೋಡುವವರು ಸುಂಡಿಲಿಯದೇ ಕೋಶ ಬಳಸಬೇಕು: ಬಾಲ್ಬ್-ಸಿ ತಳಿಗೆ ಸಿಟಿ26, ಸಿ57 ಬ್ಲ್ಯಾಕ್ ತಳಿಗೆ ಎಂಸಿ38. ಯಕೃತ್ತಿಗೆ ಹರಡುವುದನ್ನು ನೋಡಬೇಕಾದರೆ ಗುಲ್ಮಕ್ಕೆ ಅಥವಾ ಸೀಕಮ್ (ದೊಡ್ಡ ಕರುಳು ಶುರುವಾಗುವ ಚೀಲ) ಗೋಡೆಗೆ ಕೋಶ ನೆಡುವ ಕೈಚಳಕ ಬೇಕು. ಡಿಎಂಎಚ್, ಮಿನ್ ಎರಡರಲ್ಲೂ ಹರಡುವಿಕೆ ಅಪರೂಪ.

ರಾಗಿಯ ಪ್ರಶ್ನೆಗೆ ನಾವು ಇಲಿ, ಡಿಎಂಎಚ್, ಅಸಹಜ ಕ್ರಿಪ್ಟ್ ಎಣಿಕೆ ಅಂತ ತೀರ್ಮಾನಿಸಿದೆವು. ಪೂರ್ತಿ ಗಡ್ಡೆವರೆಗೆ ಹೋದರೆ ವಾರಕ್ಕೊಂದರಂತೆ 15 ಚುಚ್ಚುಮದ್ದು, ಒಟ್ಟು 30 ವಾರ. ಒಂದು ವರ್ಷದ ಪ್ರಾಜೆಕ್ಟ್‌ನಲ್ಲಿ ಅನುಮತಿಗೇ ಎರಡು ಮೂರು ತಿಂಗಳು ಹೋಗುತ್ತದೆ. ಕ್ರಿಪ್ಟ್ ಗುಂಪುಗಳು ಕೆಲವೇ ವಾರಗಳಲ್ಲಿ ಕಾಣುತ್ತವೆ. ಆದರೆ ಇವೆಲ್ಲ ಗಡ್ಡೆಯಾಗುವುದಿಲ್ಲ. ಹಾಗಾಗಿ ಪ್ರಬಂಧದಲ್ಲಿ "ಕ್ಯಾನ್ಸರ್ ತಡೆಯಿತು" ಅಂತ ಬರೆಯುವ ಹಕ್ಕು ಇರುವುದಿಲ್ಲ. ಅವಳಿಗೆ ಅದನ್ನು ಮೊದಲ ದಿನವೇ ಹೇಳಿದ್ದೆ.

ಹೆಜ್ಜೆ 3: ಆಹಾರದ ಲೆಕ್ಕ

ಆಹಾರ, ಸೊಪ್ಪು, ಕಷಾಯದ ಪ್ರಯೋಗ ಮಾಡುವವರು ಇಲ್ಲಿ ಸ್ವಲ್ಪ ನಿಂತು ಓದಿ.

ಅಂಗಡಿಯಿಂದ ಬರುವ ಇಲಿಯ ಆಹಾರಕ್ಕೆ ರಾಗಿ ಹಿಟ್ಟು ಕಲಸಿ ಉಂಡೆ ಮಾಡಿದರೆ ಪ್ರಯೋಗ ಅಲ್ಲಿಗೇ ಕೆಟ್ಟಿತು. ಆ ಆಹಾರದಲ್ಲಿ ಏನೇನಿದೆ ಎಂಬುದು ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ. ಅದಕ್ಕೆ 1993ರಲ್ಲಿ ಬಂದ ಎಐಎನ್-93 ಎಂಬ ಸೂತ್ರವಿದೆ. ಪಿಷ್ಟ, ಕೇಸಿನ್, ಎಣ್ಣೆ, ನಾರು, ಲವಣ ಎಲ್ಲ ಗ್ರಾಂ ಲೆಕ್ಕದಲ್ಲಿ. ರಾಗಿಯನ್ನು ಇದಕ್ಕೆ ಸೇರಿಸಬಾರದು, ಇದರೊಳಗೆ ಬದಲಿಸಬೇಕು.

ಒಂದು ಕೆಜಿ ಆಹಾರದಲ್ಲಿ 200 ಗ್ರಾಂ ರಾಗಿ ಹಾಕುತ್ತೀರಿ ಅನ್ನಿ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಗ್ರಾಂ ಕ್ಯಾಲ್ಸಿಯಂ. ಅಂದರೆ 200 ಗ್ರಾಂನಿಂದ 0.7 ಗ್ರಾಂ. ಎಐಎನ್ ಸೂತ್ರದಲ್ಲಿ ಕೆಜಿಗೆ 5 ಗ್ರಾಂ ಕ್ಯಾಲ್ಸಿಯಂ ಮೊದಲೇ ಇರುತ್ತದೆ. ಲವಣದ ಮಿಶ್ರಣದಲ್ಲಿ 0.7 ಗ್ರಾಂ ಇಳಿಸದಿದ್ದರೆ ರಾಗಿ ಗುಂಪಿಗೆ 5.7 ಗ್ರಾಂ ಹೋಗುತ್ತದೆ. ಕ್ಯಾಲ್ಸಿಯಂ ತಾನೇ ದೊಡ್ಡ ಕರುಳಿನ ಗಡ್ಡೆಯ ಮೇಲೆ ಪರಿಣಾಮ ಬೀರುತ್ತದೆ. ಆಮೇಲೆ ಕೆಲಸ ಮಾಡಿದ್ದು ರಾಗಿಯೋ ಸುಣ್ಣವೋ ಅಂತ ಯಾರು ಹೇಳಬೇಕು? ನಾರಿಗೂ ಇದೇ ಲೆಕ್ಕ. 200 ಗ್ರಾಂ ರಾಗಿಯಿಂದ 20 ಗ್ರಾಂ ಮೇಲೆ ನಾರು ಬರುತ್ತದೆ. ಸೂತ್ರದ ನಾರಾದ ಸೆಲ್ಯುಲೋಸನ್ನು ಅಷ್ಟು ಕಡಿಮೆ ಮಾಡಿ. ಉಳಿದಷ್ಟನ್ನು ಪಿಷ್ಟದಿಂದ ಕಳೆಯಿರಿ. ಪ್ರೋಟೀನನ್ನೂ ಮರೆಯಬೇಡಿ.

ಹಿಟ್ಟು ಹಸಿಯೋ ಬೇಯಿಸಿದ್ದೋ? ಮುದ್ದೆಯ ಪ್ರಶ್ನೆ ಕೇಳಿದ್ದರೆ ಮುದ್ದೆ ಮಾಡಿ, ಒಣಗಿಸಿ, ಪುಡಿ ಮಾಡಿ ಹಾಕಬೇಕು. ಬೇಯಿಸಿದಾಗ, ಆರಿಸಿದಾಗ ಪಿಷ್ಟದ ಸ್ವಭಾವ ಬದಲಾಗುತ್ತದೆ. ನಮ್ಮ ಹುಡುಗಿ ಹಾಸ್ಟೆಲ್ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತೇನೆ ಅಂದಳು. ಬೇಡ, ಒಂದೇ ಚೀಲದ ಹಿಟ್ಟು, ಒಂದೇ ಅಳತೆಯ ನೀರು, ಲ್ಯಾಬ್‌ನಲ್ಲೇ ಮಾಡು ಅಂದೆ.

ಯಾವಾಗ ಕೊಡಬೇಕು ಅನ್ನುವುದು ಇನ್ನೊಂದು ಗುಂಡಿ. ಗಿಡಮೂಲಿಕೆಯ ಪ್ರಬಂಧಗಳಲ್ಲಿ ಕಷಾಯ, ಡಿಎಂಎಚ್ ಎರಡನ್ನೂ ಒಟ್ಟಿಗೇ ಕೊಟ್ಟಿರುತ್ತಾರೆ. ಡಿಎಂಎಚ್ ತಾನಾಗಿ ಏನೂ ಮಾಡುವುದಿಲ್ಲ. ಯಕೃತ್ತಿನ ಸಿವೈಪಿ2ಇ1 ಎಂಬ ಕಿಣ್ವ ಅದನ್ನು ವಿಷವಾಗಿ ಬದಲಿಸಬೇಕು. ನಿಮ್ಮ ಕಷಾಯ ಆ ಕಿಣ್ವವನ್ನು ತಡೆದರೂ ಗಡ್ಡೆ ಕಡಿಮೆಯಾಗುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಇಲಿಗಳಲ್ಲಿ ಮಾಡುವುದು ಇದನ್ನೇ. ಹಾಗಂತ ಅದು ಕ್ಯಾನ್ಸರ್ ಔಷಧ ಆಯಿತಾ? ಕೊನೆಯ ಡಿಎಂಎಚ್ ಕೊಟ್ಟು ಒಂದು ವಾರ ಬಿಟ್ಟು ರಾಗಿ ಶುರು ಮಾಡಿದರೆ ಈ ಅನುಮಾನ ಇರುವುದಿಲ್ಲ.

ಅಂದಹಾಗೆ, ಶಿಡ್ಲಘಟ್ಟ ಕಡೆಯವರಿಗೆ ಒಂದು ಸುಳಿವು. ರೇಷ್ಮೆ ಎಳೆಯ ಅಂಟು, ಅಂದರೆ ಸೆರಿಸಿನ್, ಡಿಎಂಎಚ್ ಕೊಟ್ಟ ಸುಂಡಿಲಿಗಳಲ್ಲಿ ಗಡ್ಡೆ ಕಡಿಮೆ ಮಾಡಿದ್ದನ್ನು ಜಪಾನಿನವರು 2001ರಲ್ಲೇ ಪ್ರಕಟಿಸಿದ್ದಾರೆ. ರೀಲಿಂಗ್ ಮಾಡುವವರ ನೀರಿನಲ್ಲಿ ಹರಿದು ಹೋಗುವ ವಸ್ತು ಅದು.

ಹೆಜ್ಜೆ 4: ಎಷ್ಟು ಪ್ರಾಣಿ, ಎಷ್ಟು ಪಂಜರ

ಸುಲಭದ ಸೂತ್ರ: ಒಟ್ಟು ಪ್ರಾಣಿಗಳಿಂದ ಗುಂಪುಗಳ ಸಂಖ್ಯೆ ಕಳೆಯಿರಿ. ಉತ್ತರ 10ರಿಂದ 20ರೊಳಗೆ ಇರಬೇಕು. ನಾಲ್ಕು ಗುಂಪಿಗೆ ಆರಾರು ಇಲಿ ಅಂದರೆ 24 ಕಳೆ 4, ಸರಿಯಾಗಿ 20. ಎಷ್ಟೋ ಪ್ರಬಂಧಗಳಲ್ಲಿ "ಗುಂಪಿಗೆ ಆರು" ಬಂದಿರುವುದು ಹೀಗೆ. ಗಡ್ಡೆಯ ಪ್ರಯೋಗಕ್ಕೆ ಇದು ಸಾಲದು ಅನ್ನುವುದು ನನ್ನ ಅನುಭವ. ಒಂದು ಇಲಿಗೆ ಎರಡು ಗಡ್ಡೆ, ಪಕ್ಕದ್ದಕ್ಕೆ ಹನ್ನೊಂದು. ಮಧ್ಯೆ ಒಂದೆರಡು ಸಾಯುತ್ತವೆ. ಮೊದಲು ಚಿಕ್ಕ ಪೈಲಟ್ (ಪರೀಕ್ಷಾರ್ಥ ಪ್ರಯೋಗ) ಮಾಡಿ, ಆ ಏರುಪೇರನ್ನು ಇಟ್ಟುಕೊಂಡು ಪವರ್ ಲೆಕ್ಕ, ಅಂದರೆ ನಿಜವಾದ ವ್ಯತ್ಯಾಸ ಕಾಣಲು ಎಷ್ಟು ಪ್ರಾಣಿ ಬೇಕು ಎಂಬ ಲೆಕ್ಕ, ಹಾಕಿ. ಎಂಟು ಬೇಕು ಅಂತ ಬಂದು, ಐದರಲ್ಲೊಂದು ಸಾಯಬಹುದು ಅನ್ನಿಸಿದರೆ, ಎಂಟನ್ನು 0.8ರಿಂದ ಭಾಗಿಸಿ ಹತ್ತು ಕೇಳಿ.

ಪಂಜರದ ವಿಷಯ ಇದಕ್ಕಿಂತ ಮುಖ್ಯ. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ. ಒಂದೇ ಪಂಜರದವುಗಳ ಕರುಳಿನ ಬ್ಯಾಕ್ಟೀರಿಯಾ ಒಂದೇ ತರ ಆಗಿಬಿಡುತ್ತದೆ. ಮೇಲಾಗಿ ಆಹಾರ ಕೊಡುವುದೂ ಪಂಜರಕ್ಕೇ. ಹಾಗಾಗಿ ಹತ್ತು ಪ್ರಾಣಿಯನ್ನು ಎರಡು ಪಂಜರದಲ್ಲಿ ಇಟ್ಟರೆ ನಿಮ್ಮ ಬಳಿ ಇರುವುದು ನಿಜವಾಗಿ ಎರಡೇ ಲೆಕ್ಕ. ಐದು ಪಂಜರದಲ್ಲಿ ಎರಡೆರಡು ಇಡಿ. ಒಂದೇ ರ‍್ಯಾಕಿನ ಮೇಲಿನ ಸಾಲೆಲ್ಲ ಕಂಟ್ರೋಲ್ (ಹೋಲಿಕೆಗೆ ಇಟ್ಟ ಗುಂಪು), ಕೆಳಗಿನದೆಲ್ಲ ರಾಗಿ ಅಂತ ಜೋಡಿಸಬೇಡಿ. ಮೇಲೆ ಬೆಳಕು ಜಾಸ್ತಿ. ಚೀಟಿ ಎತ್ತಿ ಜಾಗ ಕೊಡಿ.

ಹೆಜ್ಜೆ 5: ಅನುಮತಿ

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಕೇಂದ್ರದ ಸಮಿತಿಯಿದೆ. ಈಗಿನ ಹೆಸರು ಸಿಸಿಎಸ್‌ಇಎ, ಹಳಬರ ಬಾಯಲ್ಲಿ ಇನ್ನೂ ಸಿಪಿಸಿಎಸ್‌ಇಎ. ಇದರಲ್ಲಿ ನೋಂದಣಿಯಾದ ಅನಿಮಲ್ ಹೌಸ್‌ನಲ್ಲೇ ಪ್ರಯೋಗ ಮಾಡಬೇಕು, ನೋಂದಾಯಿತ ಸಾಕಣೆದಾರರಿಂದಲೇ ಪ್ರಾಣಿ ತರಬೇಕು. ಇಲಿ, ಸುಂಡಿಲಿಗಳ ಪ್ರಯೋಗಕ್ಕೆ ಕಾಲೇಜಿನ ಐಎಇಸಿ ಎಂಬ ನೀತಿ ಸಮಿತಿ ಒಪ್ಪಿದರೆ ಸಾಕು. ಅರ್ಜಿ ಫಾರ್ಮ್ ಬಿ.

ಸಮಿತಿಯವರು ಖಂಡಿತ ಕೇಳುವುದು: ಪ್ರಾಣಿ ಇಲ್ಲದೆ ಆಗಲ್ವಾ, ಯಾವ ಸ್ಥಿತಿಗೆ ಬಂದರೆ ನಿಲ್ಲಿಸುತ್ತೀರಿ. ಎರಡನೆಯದಕ್ಕೆ ಅಂಕಿಯಲ್ಲಿ ಉತ್ತರ ಕೊಡಿ. ತೂಕ 20% ಇಳಿದರೆ, ಗುದನಾಳ ಹೊರಬಿದ್ದು ಗಾಯವಾದರೆ, ಪಾದ ಬಿಳಚಿಕೊಂಡು ಮುದುಡಿ ಕೂತರೆ, ಆ ಪ್ರಾಣಿಯ ಪ್ರಯೋಗ ಅಲ್ಲಿಗೆ ಮುಗಿಯಿತು.

ಹೆಜ್ಜೆ 6: ಚುಚ್ಚುವ ಕೆಲಸ

ಬಂದ ಇಲಿಗಳನ್ನು ಕನಿಷ್ಠ ಒಂದು ವಾರ ಬೇರೆ ಇಟ್ಟು ನೋಡಿ. ಕೋಣೆ 22 ಡಿಗ್ರಿ ಆಸುಪಾಸು, 12 ಗಂಟೆ ಬೆಳಕು, 12 ಗಂಟೆ ಕತ್ತಲೆ.

ಡಿಎಂಎಚ್ ಪ್ರಮಾಣ ಕೆಜಿಗೆ 20 ಮಿಗ್ರಾಂ, ಚರ್ಮದಡಿ, ವಾರಕ್ಕೊಮ್ಮೆ. ಇಲ್ಲೊಂದು ಎಡವಟ್ಟು ಕಾದಿದೆ. ಬಾಟಲಿಯಲ್ಲಿ ಬರುವುದು ಡೈಹೈಡ್ರೋಕ್ಲೋರೈಡ್ ಲವಣ, ಅಣುತೂಕ 133. ಶುದ್ಧ ಡಿಎಂಎಚ್‌ದು 60. ನೀವು ನೆಚ್ಚಿದ ಪ್ರಬಂಧದ 20 ಮಿಗ್ರಾಂ ಶುದ್ಧದ ಲೆಕ್ಕವಾದರೆ ಲವಣ 44 ಮಿಗ್ರಾಂ ತೂಗಬೇಕು. ಲವಣದ್ದೇ ಲೆಕ್ಕವಾದರೆ 20. ಅರ್ಧಕ್ಕರ್ಧ ವ್ಯತ್ಯಾಸ! ಯಾವುದು ಅಂತ ಗೊತ್ತು ಮಾಡಿಕೊಳ್ಳಿ, ನಿಮ್ಮ ಪ್ರಬಂಧದಲ್ಲೂ ಬರೆಯಿರಿ. 1 ಮಿಲಿಮೋಲಾರ್ ಇಡಿಟಿಎ ನೀರಿನಲ್ಲಿ ಕರಗಿಸಿ, ಸೋಡಿಯಂ ಬೈಕಾರ್ಬನೇಟ್‌ನಿಂದ ಪಿಎಚ್ 6.5ಕ್ಕೆ ತನ್ನಿ. ಅವತ್ತು ಮಾಡಿದ್ದು ಅವತ್ತೇ ಬಳಸಿ. ಕಂಟ್ರೋಲ್ ಇಲಿಗಳಿಗೂ ಬರೀ ಇಡಿಟಿಎ ನೀರು ಚುಚ್ಚಬೇಕು.

ಇದು ನಿಮಗೂ ಕ್ಯಾನ್ಸರ್ ತರಬಲ್ಲ ವಸ್ತು. ತೂಗುವುದು, ಕರಗಿಸುವುದು, ಚುಚ್ಚುವುದು ಎಲ್ಲ ಆವಿ ಹೊರಗೆಳೆಯುವ ಹುಡ್ ಕೆಳಗೆ. ಎರಡು ಜೊತೆ ಗ್ಲೌಸ್. ಬಸುರಿಯರು ಆ ಕೋಣೆಗೆ ಹೋಗಬಾರದು. ಡಿಎಂಎಚ್‌ನ ಒಂದು ಭಾಗ ಇಲಿಯ ಉಸಿರಿನಲ್ಲೂ ಹೊರಬರುತ್ತದೆ. ಚುಚ್ಚಿದ ಮೇಲಿನ ಮೂರು ದಿನ ಪಂಜರದಲ್ಲಿ ಹಾಸಿದ್ದ ಭತ್ತದ ಹೊಟ್ಟನ್ನು ವಿಷದ ಕಸ ಅಂತಲೇ ಕಟ್ಟಿಡಿ. ಪಂಜರ ತೊಳೆಯುವ ಅಣ್ಣನಿಗೆ ಇದನ್ನು ಹೇಳಬೇಕಾದವರು ನೀವೇ. ಬಾಗಿಲಿಗೆ ಇಂಗ್ಲಿಷ್ ಸ್ಟಿಕ್ಕರ್ ಅಂಟಿಸಿದರೆ ಆಗಲಿಲ್ಲ.

ಎಒಎಂ-ಡಿಎಸ್‌ಎಸ್ ಹಿಡಿದವರಿಗೆ: ಎಒಎಂ ಕೆಜಿಗೆ 10 ಮಿಗ್ರಾಂ, ಹೊಟ್ಟೆಯ ಪೊರೆಯೊಳಗೆ (ಇಂಟ್ರಾಪೆರಿಟೋನಿಯಲ್) ಒಂದೇ ಸಲ ಚುಚ್ಚುವುದು. ಲೀಟರಿಗೆ ಒಂದು ಗ್ರಾಂ ದ್ರಾವಣವಾದರೆ 22 ಗ್ರಾಂ ಸುಂಡಿಲಿಗೆ 0.22 ಮಿಲೀ. ವಾರದ ನಂತರ 2% ಡಿಎಸ್‌ಎಸ್ ನೀರು 5 ದಿನ, ಆಮೇಲೆ ಸಾದಾ ನೀರು 14 ದಿನ. ಹೀಗೆ ಮೂರು ಸುತ್ತು. ಡಿಎಸ್‌ಎಸ್ ಅಣುತೂಕ 36,000-50,000 ಇರುವುದನ್ನೇ ಕೊಳ್ಳಿ. ಬ್ಯಾಚ್ ಬದಲಾದರೆ ಮತ್ತೆ ಪೈಲಟ್ ಮಾಡಿ.

ಇದರಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ವರ್ಷಗಳ ಹಿಂದೆ ಬೇರೊಂದು ಕಡೆ ಕೆಲಸದಲ್ಲಿದ್ದೆ. ಏಪ್ರಿಲ್ ತಿಂಗಳು. ಶನಿವಾರ ಸಂಜೆ ಅನಿಮಲ್ ಹೌಸ್‌ನ ಎಸಿ ಕೆಟ್ಟಿತು, ಯಾರೂ ನೋಡಲಿಲ್ಲ. ಸೋಮವಾರ ಬಂದು ನೋಡಿದರೆ ಡಿಎಸ್‌ಎಸ್ ಬಾಟಲಿಗಳೆಲ್ಲ ತಳ ಕಂಡಿದ್ದವು. ಸೆಕೆಗೆ ಸುಂಡಿಲಿಗಳು ದಿನದ ಮಾಮೂಲಿನ 4-5 ಮಿಲೀ ಬಿಟ್ಟು ಜಾಸ್ತಿ ಕುಡಿದಿದ್ದವು. ನೀರು ಜಾಸ್ತಿ ಅಂದರೆ ಡಿಎಸ್‌ಎಸ್ ಜಾಸ್ತಿ. ಬಾಲದ ಬುಡವೆಲ್ಲ ರಕ್ತ. ವಾರದೊಳಗೆ ಅರ್ಧ ಗುಂಪು ಹೋಯಿತು. ಅಂದಿನಿಂದ ಬಾಟಲಿಯನ್ನು ದಿನಾ ತೂಗುತ್ತೇನೆ, ಭಾನುವಾರವೂ. ಡಿಎಸ್‌ಎಸ್ ಸುತ್ತನ್ನು ಬೇಸಿಗೆಗೆ ಇಟ್ಟುಕೊಳ್ಳುವುದಿಲ್ಲ.

ಹೆಜ್ಜೆ 7: ಕರುಳು ತೆಗೆಯುವುದು, ಎಣಿಸುವುದು

ಸಮಿತಿ ಒಪ್ಪಿದ ವಿಧಾನದಲ್ಲೇ ಕೊನೆಗಾಣಿಸಿ. ಸಾಮಾನ್ಯವಾಗಿ ನಿಧಾನಕ್ಕೆ ತುಂಬುವ ಕಾರ್ಬನ್ ಡೈಆಕ್ಸೈಡ್. ಸೀಕಮ್‌ನಿಂದ ಗುದದ್ವಾರದವರೆಗೆ ಕರುಳು ಬಿಡಿಸಿ, ಎಳೆಯದೆ ಉದ್ದ ಅಳೆಯಿರಿ. ತಣ್ಣಗಿನ ಸಲೈನ್‌ನಿಂದ ಒಳಗೆ ತೊಳೆದು, ಉದ್ದಕ್ಕೆ ಸೀಳಿ, ಫಿಲ್ಟರ್ ಪೇಪರ್ ಮೇಲೆ ಒಳಮೈ ಮೇಲಾಗಿ ಹಾಸಿ. ಹಪ್ಪಳ ಹಾಸಿದ ಹಾಗೆ, ಸುಕ್ಕು ಇರಬಾರದು. ಫಾರ್ಮಲಿನ್‌ನಲ್ಲಿ 24 ಗಂಟೆ. ಆಮೇಲೆ 0.2% ಮೆಥಿಲೀನ್ ಬ್ಲೂನಲ್ಲಿ ಕೆಲವು ನಿಮಿಷ.

40 ಪಟ್ಟು ಹಿಗ್ಗಿಸಿ ನೋಡಿದರೆ ಸಾಮಾನ್ಯ ಕ್ರಿಪ್ಟ್‌ಗಳು ಜೇನುಹುಟ್ಟಿನ ಕಣ್ಣುಗಳಂತೆ ಸಾಲಾಗಿ ಕಾಣುತ್ತವೆ. ಅಸಹಜದ್ದು ಅಕ್ಕಪಕ್ಕದವಕ್ಕಿಂತ ದೊಡ್ಡದು, ನೀಲಿ ಗಾಢ, ಅಂಚು ದಪ್ಪ, ಬಾಯಿ ಸೀಳಿದಂತೆ, ಸ್ವಲ್ಪ ಉಬ್ಬಿರುತ್ತದೆ. ಇದನ್ನು ಮೊದಲು ವಿವರಿಸಿದ್ದು 1987ರಲ್ಲಿ. ಒಂದು ಗುಂಪಿನಲ್ಲಿ ಎಷ್ಟು ಕ್ರಿಪ್ಟ್ ಅಂತಲೂ ಬರೆದುಕೊಳ್ಳಿ. ನಾಲ್ಕು ಅಥವಾ ಜಾಸ್ತಿ ಇರುವ ಗುಂಪುಗಳಿಗೆ ಮಹತ್ವ ಜಾಸ್ತಿ.

ನಮ್ಮ ಹುಡುಗಿ ಮೊದಲ ದಿನ ಎಣಿಸಿ ಗಾಬರಿಯಾಗಿ ಬಂದಳು. "ಮೇಡಂ, ಡಿಎಂಎಚ್ ಕೊಡದ ಕಂಟ್ರೋಲ್‌ನಲ್ಲೂ ಆರು ಗಡ್ಡೆ ಇದೆ!" ಹೋಗಿ ನೋಡಿದೆ. ದುಂಡಗೆ ಉಬ್ಬಿದ ಬೊಬ್ಬೆಗಳು, ಆದರೆ ಮೇಲಿನ ಕ್ರಿಪ್ಟ್‌ಗಳೆಲ್ಲ ಸರಿಯಾಗೇ ಇವೆ. ಅವು ಕರುಳಿನ ಗೋಡೆಯಲ್ಲಿರುವ ಲಿಂಫಾಯ್ಡ್ ಗಂಟುಗಳು, ಅಂದರೆ ರೋಗನಿರೋಧಕ ಕೋಶಗಳ ಗುಂಪುಗಳು. ಆರೋಗ್ಯವಂತ ಇಲಿಯ ಕರುಳಲ್ಲೂ ಇರುತ್ತವೆ. ಅನುಮಾನ ಬಂದ ಬೊಬ್ಬೆಯನ್ನೆಲ್ಲ ಕತ್ತರಿಸಿ ಸ್ಲೈಡ್ ಮಾಡಿಸಿ. ಉರಿಯೂತದ ಮಾದರಿಯಲ್ಲಿ ಇನ್ನೊಂದು ಮೋಸ ಇದೆ: ಗಾಯವಾದ ಕಡೆ ಗ್ರಂಥಿಗಳು ಸ್ನಾಯುವಿನೊಳಗೆ ಜಾರಿ ಕೂತು, ಕ್ಯಾನ್ಸರ್ ಆಳಕ್ಕೆ ನುಗ್ಗಿದಂತೆ ಕಾಣುತ್ತವೆ. ಇಲಿ ಕರುಳು ನೋಡಿ ರೂಢಿಯಿರುವ ಪ್ಯಾಥಾಲಜಿಸ್ಟ್ ಬೇಕು ಅನ್ನುವುದು ಇದಕ್ಕೇ.

ಎಣಿಸುವವರಿಗೆ ಯಾವ ಗುಂಪು ಅಂತ ಗೊತ್ತಿರಬಾರದು. ಇಬ್ಬರು ಬೇರೆ ಬೇರೆಯಾಗಿ ಎಣಿಸಲಿ.

ಹೆಜ್ಜೆ 8: ಲೆಕ್ಕ ಮತ್ತು ದಾಖಲೆ

ಗಡ್ಡೆಯ ಸಂಖ್ಯೆ ಗಂಟೆಯಾಕಾರದಲ್ಲಿ ಹಂಚಿರುವುದಿಲ್ಲ. ಸೊನ್ನೆಗಳು ಬಹಳ, ಒಂದೆರಡು ವಿಪರೀತ ದೊಡ್ಡವು. ಕಣ್ಣುಮುಚ್ಚಿ ಟಿ-ಟೆಸ್ಟ್ ಹಾಕಬೇಡಿ. ಗಂಟೆಯಾಕಾರ ಬೇಡದ ಪರೀಕ್ಷೆ ಹಿಡಿಯಿರಿ: ಎರಡು ಗುಂಪಿಗೆ ಮಾನ್-ವಿಟ್ನಿ, ಜಾಸ್ತಿ ಇದ್ದರೆ ಕ್ರಸ್ಕಲ್-ವಾಲಿಸ್. ಪಂಜರವನ್ನೂ ಲೆಕ್ಕಕ್ಕೆ ತರಲು ಅಂಕಿಅಂಶದವರನ್ನು ಕೇಳಿ, ಪ್ರಯೋಗ ಶುರುವಾಗುವ ಮುಂಚೆಯೇ. ಸತ್ತ ಇಲಿಗಳನ್ನು ಪಟ್ಟಿಯಿಂದ ಮಾಯ ಮಾಡಬೇಡಿ, ಯಾವ ದಿನ ಏಕೆ ಸತ್ತಿತು ಬರೆಯಿರಿ. ಆಹಾರವನ್ನೂ ತೂಗಿರಬೇಕು. ರಾಗಿ ರುಚಿಸದೆ ಕಡಿಮೆ ತಿಂದು ತೂಕ ಇಳಿದಿದ್ದರೆ, ಹಸಿವಿನಿಂದಲೇ ಗಡ್ಡೆ ಕಡಿಮೆಯಾಗಿರಬಹುದು.

ಸುಂಡಿಲಿಯ ಪ್ರಮಾಣವನ್ನು ಮನುಷ್ಯನಿಗೆ ಒಯ್ಯುವವರು ಕೆಜಿ ಲೆಕ್ಕವನ್ನು ಹಾಗೇ ಗುಣಿಸಬಾರದು. ಮೈ ವಿಸ್ತೀರ್ಣದ ಪ್ರಕಾರ ಸುಂಡಿಲಿಯದನ್ನು ಸುಮಾರು 12ರಿಂದ, ಇಲಿಯದನ್ನು ಸುಮಾರು 6ರಿಂದ ಭಾಗಿಸಬೇಕು.

ಉಳಿದ ದೇಹಗಳು ಜೈವಿಕ ಕಸದ ಹಳದಿ ಚೀಲಕ್ಕೆ. ಕರುಳಿನ ತುಂಡುಗಳು ಕ್ಯಾಸೆಟ್‌ಗೆ, ಅಂದರೆ ಚಿಕ್ಕ ಪ್ಲಾಸ್ಟಿಕ್ ಡಬ್ಬಿಗೆ, ಅಲ್ಲಿಂದ ಪ್ಯಾರಾಫಿನ್ ಮೇಣದ ಬ್ಲಾಕ್‌ಗೆ. ಕ್ಯಾಸೆಟ್ ಮೇಲೆ ಇಲಿಯ ಸಂಖ್ಯೆಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ನಮ್ಮ ಹುಡುಗಿ ಮೊದಲ ನಾಲ್ಕನ್ನು ಪೆನ್ನಿನಲ್ಲಿ ಬರೆದಿದ್ದಳು. ಶಾಯಿಯನ್ನೂ ಕರಗಿಸುವ ಜೈಲೀನ್‌ನಿಂದ ಹೊರಬಂದಾಗ ನಾಲ್ಕೂ ಬರೀ ಬಿಳಿ.